ಸೀಟಿನಿಂದ ಎದ್ದರೆ ನಿಲ್ಲಬೇಕು

ಬೆಳಗಿನ ಐದು ಮುಕ್ಕಾಲು. ಶಾಲೆಯ ಮೈದಾನದ ನಡುವೆ ಹುಲ್ಲು ಕೊಯ್ಯುವ ಕೆಂಪು ಗಾಡಿಯೊಂದು ಮುನಿಸಿಕೊಂಡ ಹಾಗೆ ನಿಂತಿದೆ. ಪುಟ್ಟ ಟ್ರ್ಯಾಕ್ಟರಿನಂಥ, ಮೇಲೆ ಕೂತು ಓಡಿಸುವ ಗಾಡಿ. ಪಕ್ಕದಲ್ಲಿ ಗೋಣಿಚೀಲ ಹಾಸಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಐವತ್ನಾಲ್ಕು ವರ್ಷದ ಹೆಂಗಸೊಬ್ಬರು ಅದರ ಸೀಟಿನಡಿಗೆ ತಲೆ ತೂರಿಸಿದ್ದಾರೆ. ಹತ್ತು ಗಂಟೆಗೆ ಮಕ್ಕಳ ಓಟದ ಸ್ಪರ್ಧೆ. ಅಷ್ಟರಲ್ಲಿ ಹುಲ್ಲು ಕೊಯ್ದು, ಸುಣ್ಣದ ಗೆರೆಗಳನ್ನೂ ಎಳೆದಾಗಬೇಕು. ಕಾಲು ಭಾಗವೂ ಮುಗಿದಿಲ್ಲ.

ಮೈದಾನ ನೋಡಿಕೊಳ್ಳುವವರು ನಿಂತಲ್ಲಿ ನಿಲ್ಲುತ್ತಿಲ್ಲ. “ಸ್ಟಾರ್ಟ್ ಆಗುತ್ತೆ ಅಕ್ಕ. ಹತ್ತು ಹೆಜ್ಜೆ ಹೋಗುತ್ತೆ. ಒಂದು ಸಣ್ಣ ಗುಂಡಿ ಸಿಕ್ಕಿದ್ರೆ ಸಾಕು, ಪ್ರಾಣ ಬಿಡುತ್ತೆ. ಬ್ಯಾಟರಿ ಹೊಸದು. ಸೀಟಿನ ಸ್ವಿಚ್ಚೂ ನಿನ್ನೆ ತಾನೇ ಹೊಸದು ಹಾಕಿದೀನಿ. ಇನ್ನು ಇದರ ಕಾಲು ಹಿಡ್ಕೊಳ್ಳೋದೊಂದೇ ಬಾಕಿ.” ಆಮೇಲೆ ದನಿ ತಗ್ಗಿಸಿ, “ಸೀಟಿನ ಆ ಎರಡು ವೈರ್ ಸೇರಿಸಿ ಸುತ್ತಿಬಿಡಿ. ಇವತ್ತೊಂದಿನ ಮಟ್ಟಿಗೆ” ಅನ್ನುತ್ತಾರೆ.

“ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳು” ಅನ್ನುತ್ತದೆ ಸೀಟಿನಡಿಯ ದನಿ.

ಇವರನ್ನು ಹತ್ತಿರದ ಮೈದಾನಗಳಲ್ಲಿ, ಉದ್ಯಾನಗಳಲ್ಲಿ, ಆಸ್ಪತ್ರೆಯ ಹುಲ್ಲುಹಾಸುಗಳಲ್ಲಿ ಎಲ್ಲರೂ ಕರೆಯುವುದು ‘ಸೀಟಕ್ಕ’ ಎಂದೇ. ಹುಲ್ಲಿನ ಗಾಡಿಗಳ ವಿದ್ಯುತ್ ತೊಂದರೆ ಹುಡುಕಿ ಸರಿಪಡಿಸುವುದು ಇವರ ಕಸುಬು. ಎಂಜಿನ್ ಬಿಚ್ಚುವವರು, ಬ್ಲೇಡ್ ಸಾಣೆ ಹಿಡಿಯುವವರು ಬೇಕಾದಷ್ಟು ಮಂದಿ ಇದ್ದಾರೆ. ವೈರಿನ ಗೋಜಲು ಕಂಡರೆ ಅವರೂ ಫೋನ್ ಮಾಡುವುದು ಸೀಟಕ್ಕನಿಗೇ. ಚೀಲದಲ್ಲಿ ಹೆಚ್ಚೇನೂ ಇಲ್ಲ: ಒಂದು ಮೀಟರ್, ಎರಡು ಇಕ್ಕಳ, ಉಪ್ಪುಕಾಗದ, ಹಳೆಯ ಬೈಕಿನ ಬಲ್ಬಿಗೆ ವೈರ್ ಕಟ್ಟಿ ತಾವೇ ಮಾಡಿಕೊಂಡ ಪರೀಕ್ಷೆಯ ದೀಪ.

ಆ ದೀಪ ಈಗ ಹೊಸ ಸ್ವಿಚ್ಚಿನ ಪಕ್ಕ ಉರಿಯುತ್ತಿದೆ. ಓಡಿಸುವವರು ಸೀಟಿನಿಂದ ಎದ್ದರೆ ಎಂಜಿನ್ ನಿಲ್ಲಿಸುವ ಸ್ವಿಚ್ಚು ಅದು. ಸೀಟಕ್ಕ ಸೀಟನ್ನು ಮೆಲ್ಲಗೆ ಎತ್ತುತ್ತಾರೆ, ಇಳಿಸುತ್ತಾರೆ. ದೀಪ ಒಮ್ಮೆ ಮಿಣುಕಿ ಆರುತ್ತದೆ, ಮತ್ತೆ ಹತ್ತುತ್ತದೆ. ಅವರು ದೀಪ ಪಕ್ಕಕ್ಕಿಟ್ಟು, ವೈರನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಅಕ್ಕಿಯಲ್ಲಿ ಕಲ್ಲು ಹುಡುಕುವವರ ಹಾಗೆ ನಿಧಾನವಾಗಿ ಸವರುತ್ತಾ ಹೋಗುತ್ತಾರೆ. ಸೀಟು ಮಡಚುವ ಕೀಲಿನ ಹತ್ತಿರ ಬೆರಳು ನಿಲ್ಲುತ್ತದೆ.

“ಇಲ್ಲಿ ನೋಡು. ಬೇರೆ ಕಡೆ ಬಿಗಿಯಾಗಿದೆ, ಇಲ್ಲಿ ಮಾತ್ರ ದಾರದ ಥರ ಬಗ್ಗುತ್ತೆ. ಮೇಲಿನ ಹೊದಿಕೆ ಚೆನ್ನಾಗಿದೆ, ಒಳಗೆ ತಾಮ್ರ ತುಂಡಾಗಿದೆ. ಸೀಟು ಎತ್ತಿದಾಗೆಲ್ಲ ಕೀಲು ಇದನ್ನ ಕಚ್ಚಿದೆ. ಗುಂಡಿ ಸಿಕ್ಕಿದಾಗ ತಾಮ್ರ ಬಿಟ್ಕೊಳ್ಳುತ್ತೆ. ಸೀಟಲ್ಲಿ ಯಾರೂ ಇಲ್ಲ ಅಂದ್ಕೊಂಡು ಗಾಡಿ ನಿಲ್ಲುತ್ತೆ. ಪಾಪ, ಅದರದ್ದೇನು ತಪ್ಪು?”

ತುಂಡಾದ ಭಾಗ ಕತ್ತರಿಸಿ, ಹೊಸ ವೈರ್ ಬೆಸೆದು, ಈ ಸಲ ಕೀಲಿಗೆ ಸಿಗದ ಹಾಗೆ ಸುತ್ತುಬಳಸಿ ಕಟ್ಟುತ್ತಾರೆ. ಇಪ್ಪತ್ತು ನಿಮಿಷದ ಕೆಲಸ. ಆಮೇಲೆ ಸೀಟಿನ ಮೇಲೆ ತಾವೇ ಕೂತು ಎಂಜಿನ್ ಹಚ್ಚಿ, ಬ್ಲೇಡ್ ತಿರುಗಿಸುವ ಹಿಡಿ ಎಳೆದು, ಥಟ್ಟನೆ ಎದ್ದು ನಿಲ್ಲುತ್ತಾರೆ. ಎಂಜಿನ್ ಕೆಮ್ಮಿ ಸುಮ್ಮನಾಗುತ್ತದೆ. ಮತ್ತೆ ಕೂರುತ್ತಾರೆ, ಮತ್ತೆ ಏಳುತ್ತಾರೆ. ಹೀಗೆ ಮೂರು ಸಲ. “ಎದ್ದಾಗ ಸಾಯಬೇಕು. ಆಗಲೇ ಗಾಡಿ ನೆಟ್ಟಗಿದೆ ಅಂತ ಅರ್ಥ.”

ಗಾಡಿ ಮತ್ತೆ ಹುಲ್ಲಿಗಿಳಿದ ಮೇಲೆ ಸೀಟಕ್ಕ ನನ್ನೊಡನೆ ಮಾತಿಗೆ ಕೂರುತ್ತಾರೆ. ಮೊದಲು ಅವರು ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ತಾಮ್ರದ ತಂತಿ ಸುತ್ತಿ ಸುತ್ತಿ ಬೆರಳ ತುದಿಗಳು ಗಟ್ಟಿಯಾಗಿದ್ದವು. ಅವರಿಗಿಂತ ಐದು ವರ್ಷ ಚಿಕ್ಕವನಾದ ತಮ್ಮ, ದೊಡ್ಡ ಉದ್ಯಾನವೊಂದರಲ್ಲಿ ಹುಲ್ಲಿನ ಗಾಡಿ ಓಡಿಸುತ್ತಿದ್ದ. ಒಂದು ಮಧ್ಯಾಹ್ನ ಇಳಿಜಾರಿನಲ್ಲಿ ಚಕ್ರ ಜಾರಿ ಅವನು ಕೆಳಗೆ ಬಿದ್ದ. ಸೀಟು ಖಾಲಿಯಾದ ಕ್ಷಣ ನಿಲ್ಲಬೇಕಿದ್ದ ಎಂಜಿನ್ ನಿಲ್ಲಲಿಲ್ಲ. ಎಡಗಾಲಿನ ಮೂರು ಬೆರಳು ಹೋದವು.

“ಆಸ್ಪತ್ರೆಯಿಂದ ಸೀದಾ ಆ ಗಾಡಿ ಹತ್ರ ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ. ಸೀಟು ಎತ್ತಿ ನೋಡಿದೆ. ಸ್ವಿಚ್ಚಿಂದ ಬಂದ ಎರಡೂ ವೈರ್ ಕಿತ್ತು, ಒಂದು ತುಂಡು ತಂತಿಯಿಂದ ಸೇರಿಸಿದ್ರು. ಎರಡು ಇಂಚೂ ಇರಲಿಲ್ಲ ಆ ತುಂಡು. ಯಾರೋ ಗಡಿಬಿಡೀಲಿ, ಇವತ್ತೊಂದಿನ ಅಂತ ಮಾಡಿದ್ದು. ಕೆಟ್ಟವರೇನಲ್ಲ. ಆಮೇಲೆ ಮರೆತುಬಿಟ್ಟಿದಾರೆ.”

ಆ ವಾರವೇ ಅವರು ಉದ್ಯಾನದ ಉಳಿದ ನಾಲ್ಕು ಗಾಡಿಗಳ ಸೀಟುಗಳನ್ನೂ ಎತ್ತಿ ನೋಡಲು ಅನುಮತಿ ಕೇಳಿದರು. ಎರಡರಲ್ಲಿ ಅದೇ ಕತೆ. ರಜೆ ಹಾಕಿ ಎರಡನ್ನೂ ಸರಿಮಾಡಿಕೊಟ್ಟರು. ಇದಾಗಿ ಇಪ್ಪತ್ಮೂರು ವರ್ಷ.

ಮೊದಮೊದಲು ಯಾರೂ ಗಾಡಿ ಮುಟ್ಟಲು ಬಿಡುತ್ತಿರಲಿಲ್ಲ. ಒಂದು ಕ್ಲಬ್ಬಿನ ಮ್ಯಾನೇಜರ್, “ನಿಮ್ಮ ಯಜಮಾನ್ರು ಯಾವಾಗ ಬರ್ತಾರೆ?” ಎಂದು ಕೇಳಿದ್ದರಂತೆ. “ಅವರು ಟೈಲರು. ಗಾಡಿಗೆ ಪ್ಯಾಂಟ್ ಹೊಲಿಸಬೇಕಾ ಅಂತ ಕೇಳ್ದೆ.” ಅದೇ ಕ್ಲಬ್ಬಿನವರು, ಸ್ವಿಚ್ ತಪ್ಪಿಸಿ ವೈರ್ ಸೇರಿಸಲು ಇವರು ಒಪ್ಪಲಿಲ್ಲವೆಂದು ಎಂಟು ತಿಂಗಳು ಕರೆಯಲೇ ಇಲ್ಲ. ಆಮೇಲೆ ಕರೆದರು. “ಚೀಲ ಎತ್ಕೊಂಡು ಹೋದೆ. ಸೀಟು ಎತ್ತಿ ಕೆಲಸ ಶುರು ಮಾಡ್ದೆ.”

ಮನೆಯ ಮುಂದಿನ ಕೋಣೆಯ ಒಂದು ಗೋಡೆಗೆ ಗಂಡನ ಹೊಲಿಗೆ ಯಂತ್ರ, ಎದುರು ಗೋಡೆಗೆ ಹೆಂಡತಿಯ ಮೇಜು. ಒಂದು ಕಡೆ ದಾರದ ಉಂಡೆ, ಇನ್ನೊಂದು ಕಡೆ ವೈರಿನ ಸುರುಳಿ. “ಅವಳ ಕತ್ತರಿ ನಾನು ಮುಟ್ಟಲ್ಲ. ನನ್ನ ಕತ್ತರಿ ಮಾತ್ರ ಅವಳು ದಿನಾ ಮುಟ್ತಾಳೆ” ಎಂದು ಗಂಡ ದೂರುತ್ತಾರೆ, ನಗುತ್ತಲೇ.

ಹುಲ್ಲು ಬೆಳೆಯುವ ತಿಂಗಳುಗಳಲ್ಲಿ ದಿನಕ್ಕೆ ಮೂರು ಗಾಡಿ, ಉಳಿದಂತೆ ವಾರಕ್ಕೆ ನಾಲ್ಕೈದು. ಸ್ಟಾರ್ಟ್ ಆಗುವುದಿಲ್ಲ ಎಂದು ಬರುವ ಹತ್ತು ಕರೆಗಳಲ್ಲಿ ನಾಲ್ಕು ಬ್ಯಾಟರಿಯ ತುದಿಗೆ ಹತ್ತಿದ ಕಿಲುಬು, ಮೂರು ಯಾವುದೋ ಸ್ವಿಚ್ಚಿನ ಸಡಿಲ ವೈರು, ಎರಡು ಬಣ್ಣದಡಿ ತುಕ್ಕು ಹಿಡಿದ ಅರ್ಥ್ ವೈರು. ಉಳಿದ ಒಂದು? “ಇಲಿ. ಅದಕ್ಕೆ ವೈರ್ ಅಂದ್ರೆ ಎಲ್ಲಿಲ್ಲದ ಪ್ರೀತಿ.” ನಿಜವಾಗಿ ಕೆಟ್ಟ ಭಾಗ ಸಿಗುವುದು ಅಪರೂಪವಂತೆ. ಜನ ಮೊದಲು ಹೊಸ ಸಾಮಾನು ಹಾಕುತ್ತಾರೆ, ಆಮೇಲೆ ಯೋಚಿಸುತ್ತಾರೆ ಎನ್ನುವುದು ಅವರ ಒಂದೇ ತಕರಾರು. ಮಂಡಿನೋವು ಇದೆ, ಅದನ್ನು ತಕರಾರಿನ ಪಟ್ಟಿಗೆ ಸೇರಿಸುವುದಿಲ್ಲ.

ಕಾಲಿಗೆ ಪೆಟ್ಟಾದ ಮೇಲೆ ತಮ್ಮ ಒಂದು ವರ್ಷ ಮನೆಯಲ್ಲಿದ್ದು, ಮತ್ತೆ ಗಾಡಿ ಹತ್ತುತ್ತೇನೆ ಎಂದಾಗ ತಾಯಿ ಅತ್ತರು. ಅಕ್ಕ ಬೇಡ ಅನ್ನಲಿಲ್ಲ. ಜೊತೆಗೆ ಹೋಗಿ, ಅವನೆದುರಿಗೇ ಮೂರು ಸಲ ಕೂತು ಎದ್ದು ತೋರಿಸಿದರು. ಈಗಲೂ ಅವನದು ಅದೇ ಉದ್ಯಾನ. ನಾವು ಮಾತಾಡುತ್ತಿರುವಾಗಲೇ, ಏಳು ಗಂಟೆಗೆ, ಸೀಟಕ್ಕನ ಫೋನ್ ಎರಡು ಸಲ ಬಡಿದುಕೊಂಡು ಸುಮ್ಮನಾಗುತ್ತದೆ. “ಅವನೇ. ಸೀಟಿಂದ ಎದ್ದು ನೋಡಿದೆ, ಗಾಡಿ ನಿಲ್ತು, ಕೆಲಸ ಶುರು ಮಾಡ್ತೀನಿ ಅಂತ. ದಿನಾ ಮಾಡ್ತಾನೆ. ನಾನು ಎತ್ತಲ್ಲ. ಎತ್ತಿದ್ರೆ ತಲೆ ತಿಂತಾನೆ.”

ಮೈದಾನದಲ್ಲಿ ಕೆಂಪು ಗಾಡಿ ಈಗ ಗುಂಡಿಗಳನ್ನು ಲೆಕ್ಕಕ್ಕಿಡದೆ ಓಡುತ್ತಿದೆ. ಕೊಯ್ದ ಹುಲ್ಲಿನ ವಾಸನೆ ಗೇಟಿನವರೆಗೂ ಬರುತ್ತದೆ. ಚೀಲ ಕಟ್ಟುತ್ತಿರುವ ಸೀಟಕ್ಕನನ್ನು, ಇನ್ನೇನು ಆಸೆ ಉಳಿದಿದೆ ಎಂದು ಕೇಳುತ್ತೇನೆ. ಅವರು ಸ್ವಲ್ಪ ನಾಚಿಕೊಳ್ಳುತ್ತಾರೆ.

“ಇಷ್ಟು ವರ್ಷದಲ್ಲಿ ಸಾವಿರಾರು ಗಾಡಿ ಮೇಲೆ ಕೂತಿದೀನಿ. ಯಾವುದರಲ್ಲೂ ಎರಡು ನಿಮಿಷಕ್ಕಿಂತ ಜಾಸ್ತಿ ಇಲ್ಲ. ಕೂರೋದು, ಏಳೋದು, ಅಷ್ಟೇ. ಒಂದ್ಸಲ ಒಂದು ಇಡೀ ಮೈದಾನ, ಈ ತುದಿಯಿಂದ ಆ ತುದಿಗೆ, ಮಧ್ಯದಲ್ಲಿ ಏಳದೆ ಕೊಯ್ಯಬೇಕು.” ಗಾಡಿ ಎಳೆದಿರುವ ನೇರ ಸಾಲುಗಳನ್ನು ನೋಡುತ್ತಾ ನಿಲ್ಲುತ್ತಾರೆ. “ನಂದು ಸೊಟ್ಟ ಬರುತ್ತೆ. ಬರಲಿ ಬಿಡಿ. ಹುಲ್ಲು ಮತ್ತೆ ಬೆಳೆಯುತ್ತಲ್ಲ.”