ಗಂಡನನ್ನು ನೋಡಲು ಹೊರಟ ಉವಿಲುಕ್

ನನ್ನ ಸೋದರತ್ತೆ ಉವಿಲುಕ್ ವರ್ಷವರ್ಷವೂ ಗಂಡನನ್ನು ನೋಡಲು ಹೆಪ್ಪುಗಟ್ಟಿದ ಸಮುದ್ರದ ಮೇಲೆ ಹೊರಡುತ್ತಾಳೆ. ಅರ್ಧ ದಾರಿಯಿಂದ ವಾಪಸು ಬರುತ್ತಾಳೆ. ಆದರೂ ಮತ್ತೆ ಹೊರಡುತ್ತಾಳೆ. ಅದಕ್ಕೇ ಅವಳ ಬಗ್ಗೆ ಬರೆಯಬೇಕು ಅನ್ನಿಸಿತು.

ಗಂಡ ಇಪೀಲಿ ತೀರಿಕೊಂಡ ಮೇಲೆ ಮಗ ಪಾನಿಯಾಕ್‌ಗೆ ಹೆಣ್ಣುಮಗು ಹುಟ್ಟಿತು. ಅದಕ್ಕೂ ಇಪೀಲಿ ಎಂದೇ ಹೆಸರಿಟ್ಟರು. ನಮ್ಮ ಇನ್ಯೂಟ್ ಜನರಲ್ಲಿ ಹೆಸರಿನ ಜೊತೆ ಮನುಷ್ಯನೂ ಬರುತ್ತಾನೆ. ಹಾಗಾಗಿ ಆ ಮೊಮ್ಮಗಳು ಅತ್ತೆಗೆ ಗಂಡ. ಮಗನ ಊರು ಜಲಸಂಧಿಯ ಆಚೆ. ನಡುವೆ ವಿಮಾನವಿಲ್ಲ. ಬೇಸಿಗೆಯಲ್ಲಿ ಒಡೆದ ಮಂಜುಗಡ್ಡೆಗಳ ನಡುವೆ ದೋಣಿಗೆ ಮಗುವನ್ನಾಗಲಿ ವಯಸ್ಸಾದ ಅತ್ತೆಯನ್ನಾಗಲಿ ಯಾರೂ ಹತ್ತಿಸುವುದಿಲ್ಲ. ಎರಡೂ ಕಡೆಯಿಂದ ಮಾತಾಡುವ ರೇಡಿಯೋದಲ್ಲಿ ಮಗುವಿನ ಮಾತು ಕೇಳಿದ್ದಾಳೆ. ಕೆನ್ನೆಗೆ ಮೂಗು ಒತ್ತಿ ಒಮ್ಮೆ ಮೂಸಬೇಕು, ಅವಳಿಗೆ ಅಷ್ಟೇ ಆಸೆ.

ನಮ್ಮಲ್ಲಿ ಮೇ ತಿಂಗಳಲ್ಲೂ ಸಮುದ್ರ ಹೆಪ್ಪುಗಟ್ಟಿಯೇ ಇರುತ್ತದೆ. ಈ ಮೇನಲ್ಲೂ ಹೊರಟೆವು. ನಾನು ಮುಂದೆ ನಡೆಯುತ್ತಾ, ಮಂಜು ಗಟ್ಟಿಯಿದೆಯೇ ಎಂದು ಈಟಿಯಿಂದ ಕುಟ್ಟಿ ನೋಡುತ್ತಿದ್ದೆ. ಹಿಂದೆ ನಾಯಿಗಳು ಎಳೆಯುವ ಗಾಡಿಯಲ್ಲಿ ಅತ್ತೆ. ಒಂದು ಕಡೆ ನಾಯಿಯ ಹೇಲು ಮಂಜಿನಲ್ಲಿ ಗುಂಡಿ ತೋಡಿಕೊಂಡು ಇಳಿದಿತ್ತು.

"ನೋಡೋ, ಕಪ್ಪಗಿರೋದು ಬಿಸಿಲನ್ನ ಹೆಂಗೆ ಕುಡಿಯುತ್ತೆ" ಅಂದಳು ಅತ್ತೆ. "ಬಿಳೀ ಮಂಜಾದ್ರೆ ವಾಪಸ್ ಎಸೆಯುತ್ತೆ."

"ಸಮುದ್ರಾನೂ ಹಂಗೇ ಅತ್ತೆ. ಮಂಜು ಹೋದ ಕಡೆ ಕಪ್ಪು ನೀರು. ಬೇಸಿಗೆಯೆಲ್ಲ ಬಿಸಿಲು ಕುಡಿದಿರುತ್ತೆ, ಚಳಿಗಾಲ ಬಂದ್ರೂ ಬೇಗ ಗಟ್ಟಿ ಆಗಲ್ಲ."

"ನಿನ್ನ ಮಾವನ ಥರ ಅನ್ನು. ಕೋಪ ಬಂದ್ರೆ ತಣ್ಣಗಾಗೋಕೆ ತಿಂಗಳು ಬೇಕಿತ್ತು."

ಜಲಸಂಧಿಯ ನಡುವೆ ಬಂದಾಗ ಮಂಜು ಬಿರಿದು ನೀರು ತೆರೆದಿತ್ತು. ನಾವು ಹೊರಟ ಸುದ್ದಿ ರೇಡಿಯೋದಲ್ಲಿ ಕೇಳಿ ಪಾನಿಯಾಕ್ ಕೂಡ ಆಚೆಯಿಂದ ಹೊರಟು ಬಂದಿದ್ದ. ಆಚೆ ಅಂಚಿನಲ್ಲಿ ನಿಂತಿದ್ದ, ಹೆಗಲ ಮೇಲೆ ಮಗು.

"ಏನ್ರೀ, ಊಟ ಆಯ್ತಾ?" ಅತ್ತೆ ಮಗುವಿಗೆ ಕೂಗಿದಳು.

"ಆಯ್ತು. ಸೀಲ್ ಮಾಂಸ. ನೀನು ಬಾ" ಅಂತ ಮಗು ಕೂಗಿತು.

"ನೀರು ಬಿಡ್ತಿಲ್ಲ ಕಣ್ರೀ."

"ಹಾರು."

ಅತ್ತೆ ನನ್ನ ಕಡೆ ತಿರುಗಿದಳು. "ಅವಾಗ್ಲೂ ಹಿಂಗೇ. ಕಷ್ಟದ ಕೆಲಸ ಎಲ್ಲಾ ನನಗೇ."

ಗಾಳಿ ಜೋರಾಯಿತು. ಮಗನ ಗಾಡಿ ತಿರುಗಿ ಸಣ್ಣದಾಗುತ್ತಾ ಹೋಯಿತು. ಅತ್ತೆ ನಿಂತೇ ಇದ್ದಳು. ಅಂಚಿನಲ್ಲಿ ನೀರು ಜಿನುಗುತ್ತಿತ್ತು. ನಾನು ತೋಳು ಹಿಡಿದು ಎಳೆದೆ.

"ಮುಖ ಅವರದೇ ಅಲ್ವೇನೋ?"

"ಇಷ್ಟು ದೂರದಿಂದ ಹೆಂಗೆ ಹೇಳ್ಲಿ ಅತ್ತೆ?"

ಅವಳು ಆಚೆ ಅಂಚಿನ ಕಡೆಗೇ ಮುಖ ಮಾಡಿ ಗಾಡಿಯಲ್ಲಿ ಕೂತಳು, ನಾನು ನಾಯಿಗಳನ್ನು ಮನೆ ಕಡೆ ತಿರುಗಿಸಿದೆ.

ನೀವು ಈ ಕಡೆ ಬಂದರೆ ಅವಳ ಮನೆಗೆ ಹೋಗಿ. ಚಹಾ ಕೊಡುತ್ತಾಳೆ. ಆಚೆ ಊರು ನೋಡಿ ಬಂದವರಾದರೆ, ಮಗು ಹೇಗೆ ನಡೆಯುತ್ತೆ, ಹೇಗೆ ನಗುತ್ತೆ ಅಂತ ಕೇಳುತ್ತಾಳೆ. ಅವಸರ ಮಾಡದೆ ಹೇಳಿ.