ಮನಸ್ಸಿಲ್ಲದ ಒಪ್ಪಿಗೆ

"ಅಕ್ಕ, ಯಾರ ಒತ್ತಾಯವೂ ಇಲ್ಲದೆ ಮನಸ್ಸಿಂದಲೇ ಸಹಿ ಹಾಕ್ತಾ ಇದ್ದೀರಾ?" ಎಂದು ಕೇಳಿದೆ. ರಿಯಾದ್‌ನಲ್ಲಿ ಆನ್‌ಲೈನ್ ನೋಟರಿ ಕೆಲಸ ಕಲಿತ ಮೇಲೆ ನಾನೊಬ್ಬನೇ ಮಾಡಿದ ಮೊದಲ ವಿಡಿಯೊ ಕರೆ ಅದು. ಎದುರಿಗಿದ್ದವರು ಬಂಟ್ವಾಳದ ಝೊಹರಾ. ಸೌದಿಯದೇ ರಾಸ್ ತನೂರಾ ಊರಿನಲ್ಲಿ ತೀರಿಕೊಂಡ ಗಂಡನನ್ನು ಇಲ್ಲಿಯೇ ದಫನ ಮಾಡಲು ಅವರ ಒಪ್ಪಿಗೆ ಬೇಕಿತ್ತು.

ಮೊಬೈಲಿನ ಮೇಲೆ ಸಹಿಗೆ ಹೊರಟ ಅವರ ಬೆರಳು ನಿಂತಿತು.

"ಮನಸ್ಸಿಲ್ಲ ಅಣ್ಣಾ. ಒಂದು ಸಲ ಮುಖ ನೋಡ್ಬೇಕಿತ್ತು. ಆದ್ರೆ ಅವರನ್ನು ಇನ್ನೆಷ್ಟು ದಿವಸ ಐಸಲ್ಲಿ ಮಲಗಿಸುದು? ಹೌದು ಅಂತ ಬರ್ಕೊಳ್ಳಿ."

ಕಣ್ಣೊರೆಸಿಕೊಂಡು ಸಹಿ ಹಾಕಿದರು. ನಾನು ಮುದ್ರೆ ಒತ್ತಿದೆ.

ಇಲ್ಲಿನ ಗೋರಿಗಳ ಮೇಲೆ ಹೆಸರಿರುವುದಿಲ್ಲ. ರಜೆಯ ದಿನ ರಾಸ್ ತನೂರಾಕ್ಕೆ ಹೋಗಿ, ಅವರ ಗಂಡನ ಗೆಳೆಯರೊಬ್ಬರು ತೋರಿಸಿದ ಗೋರಿಯ ಮುಂದೆ ನಿಂತು ಝೊಹರಾಗೆ ವಿಡಿಯೊ ಕರೆ ಮಾಡಿದೆ. ತುಂಬ ಹೊತ್ತು ನೋಡಿದವರು, "ಬಿಸಿಲು ಜೋರುಂಟಲ್ಲಾ ಅಲ್ಲಿ?" ಎಂದಷ್ಟೇ ಕೇಳಿದರು.