ಒಳಗಿನವರು

ಇವತ್ತು ಬೆಳಿಗ್ಗೆ ಹಳೆಯ ಕೈಚೀಲವೊಂದನ್ನು ಒಗೆಯಲು ಹಾಕುವ ಮುನ್ನ ತಲೆಕೆಳಗು ಮಾಡಿ ಕೊಡವಿದೆ. ಬಸ್ ಟಿಕೆಟು, ಸೀಮೆಸುಣ್ಣದ ತುಂಡು, ಒಂದು ಪಿನ್ನು, ಅವುಗಳ ಹಿಂದೆಯೇ ಇಪ್ಪತ್ತು ಮುಖದ ಹಸಿರು ದಾಳವೊಂದು ಬಿತ್ತು. ಬಿದ್ದದ್ದು ಸುಮ್ಮನಿರದೆ ಉರುಳಿ ಜೋಳದ ಡಬ್ಬಿಯ ಹಿಂದೆ ಸೇರಿಕೊಂಡಿತು. ಮಂಡಿನೋವಿನ ಹೆಂಗಸು ನಾನು, ಆದರೂ ಬಗ್ಗಿ ಕೈ ಹಾಕಿ ಹುಡುಕಿದೆ. ಸಿಕ್ಕ ಮೇಲೆ ಏಳಲಾಗದೆ ಅಲ್ಲೇ ನೆಲದ ಮೇಲೆ ಕುಳಿತೆ. ನನ್ನ ಜೊತೆ ಶಾಲೆಯಲ್ಲಿ ಕಲಿಸುವ ಮಿಲಿಂದನ ತಾಯಿ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ನಾನಿನ್ನೂ ಅವನನ್ನು ಮಾತಾಡಿಸಲು ಹೋಗಿರಲಿಲ್ಲ.

ನಿಮಗೆ ಈ ದಾಳದ ಆಟ ಗೊತ್ತಿರಲಿಕ್ಕಿಲ್ಲ. ಐವತ್ತರ ಹತ್ತಿರ ಬರುವವರೆಗೆ ನನಗೂ ಗೊತ್ತಿರಲಿಲ್ಲ. ಪುಣೆಯಲ್ಲಿರುವ ಚಿಕ್ಕಪ್ಪನ ಮಗಳು ಒಂದು ದೀಪಾವಳಿಗೆ ಉಗಾರ ಬುದ್ರುಕದ ನಮ್ಮ ಮನೆಗೆ ಬಂದಾಗ ಕಲಿಸಿ, ದಾಳಗಳನ್ನೂ ನನಗೇ ಬಿಟ್ಟುಹೋದಳು. ನಾಲ್ಕು ಜನ ಸುತ್ತ ಕೂರಬೇಕು. ಒಬ್ಬರು ಎಲ್ಲಿಯೂ ಇಲ್ಲದ ರಾಜ್ಯವೊಂದರ ಕಥೆ ಹೇಳುತ್ತ ಹೋಗಬೇಕು. ಉಳಿದವರು ಆ ರಾಜ್ಯದ ಒಬ್ಬೊಬ್ಬ ಮನುಷ್ಯರಾಗಿ, ನಾನು ಹೀಗೆ ಮಾಡುತ್ತೇನೆ, ಹಾಗೆ ಮಾಡುತ್ತೇನೆ ಎನ್ನಬೇಕು. ಆದೀತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಕಥೆ ಹೇಳುವ ಚಟ ನನಗೆ ಮೊದಲಿನಿಂದಲೂ ಇತ್ತು, ಕೇಳುವವರು ಸಿಕ್ಕಿರಲಿಲ್ಲ ಅಷ್ಟೆ. ನಮ್ಮ ಶಾಲೆಯ ಮೂವರು ಶಿಕ್ಷಕರಿಗೆ ಚಹಾ, ಚುರಮುರಿಯ ಆಸೆ ತೋರಿಸಿ ಭಾನುವಾರ ಮಧ್ಯಾಹ್ನ ಮನೆಗೆ ಕರೆದೆ. ಅವರಲ್ಲಿ ಗಣಿತ ಕಲಿಸುವ ಮಿಲಿಂದ ಒಬ್ಬ. ದಿಗ್ಗೇವಾಡಿಯವನು, ನನಗಿಂತ ಏಳು ವರ್ಷಕ್ಕೆ ಚಿಕ್ಕವನು, ನನ್ನನ್ನು ‘ಅಕ್ಕಾ’ ಎನ್ನುತ್ತಿದ್ದ. ಮೊದಲ ದಿನ ಬಂದಾಗ ನಮ್ಮ ಅಂಗಳದಲ್ಲಿ ತುಸು ಹೊತ್ತು ನಿಂತು ಸುತ್ತ ನೋಡಿ ಆಮೇಲೆ ಚಪ್ಪಲಿ ಬಿಟ್ಟಿದ್ದ. ಮನೆಯ ಅಂದ ನೋಡುತ್ತಿದ್ದಾನೆ ಎಂದುಕೊಂಡು ನಾನು ಒಳಗೊಳಗೇ ಉಬ್ಬಿದ್ದೆ.

ನನ್ನ ರಾಜ್ಯದಲ್ಲಿ ನದಿಯಿತ್ತು, ಕೋಟೆಯಿತ್ತು, ಮಾತಾಡುವ ಮೊಸಳೆಯೂ ಇತ್ತು. ಆಳುವವರು ಮಾತ್ರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅವರಿಗೆ ‘ಒಳಗಿನವರು’ ಎಂದು ಹೆಸರಿಟ್ಟಿದ್ದೆ. ಕಥೆಯಲ್ಲಿ ಅವರ ಹತ್ತಿರ ಅಹವಾಲು ಒಯ್ಯುವ ಪ್ರಸಂಗ ಬಂದರೆ, ನಾನು ಪಡಸಾಲೆಯಿಂದ ಎದ್ದು ಒಳಕೋಣೆಗೆ ಹೋಗಿ, ಬಾಗಿಲು ಅರ್ಧ ಮುಚ್ಚಿಕೊಂಡು ಅಲ್ಲಿಂದ ಮಾತಾಡುತ್ತಿದ್ದೆ. “ಯಾರು?” ಎನ್ನುತ್ತಿದ್ದೆ. ಹೆಸರು ಹೇಳಿದರೆ ಸ್ವಲ್ಪ ತಡೆದು ಮತ್ತೆ “ಯಾರು?” ಮೂರು ಸಲ ಹೀಗೆ ಹೇಳಿಸಿ, ಅಹವಾಲು ಪೂರ್ತಿ ಕೇಳಿ, ಸುಮ್ಮನಾಗಿಬಿಡುತ್ತಿದ್ದೆ. ಹೂಂ ಇಲ್ಲ, ಉಹೂಂ ಇಲ್ಲ. ಕಾರಣ ಹೇಳುವ ದೊರೆಗೆ ಯಾರು ಹೆದರುತ್ತಾರೆ, ನೀವೇ ಹೇಳಿ. ವಿಜ್ಞಾನದ ಸವಿತಾ ಟೀಚರಂತೂ ತೋಳು ಚಾಚಿ, “ನೋಡ್ರಿ, ಮೈಮ್ಯಾಲ ಮುಳ್ಳ ಎದ್ದಾವು” ಎಂದು ತೋರಿಸುತ್ತಿದ್ದರು. ಆ ವಾರವಿಡೀ ನಾನು ಶಾಲೆಯ ಕಾರಿಡಾರಿನಲ್ಲಿ ಸ್ವಲ್ಪ ನಿಧಾನವಾಗಿ, ಗಂಭೀರವಾಗಿ ನಡೆದಾಡಿದೆ.

ಈ ವಿದ್ಯೆ ನನ್ನ ಸ್ವಂತದ್ದಲ್ಲ, ನಮ್ಮ ಅಜ್ಜನದು. ಕಬ್ಬಿನ ಹೊಲದ ಆಳುಗಳು ಏನಾದರೂ ಕೇಳಲು ಬಂದರೆ ಅಂಗಳದಲ್ಲಿ ನಿಲ್ಲುತ್ತಿದ್ದರು. ಅಲ್ಲಿಂದ ಪಡಸಾಲೆಯ ಆಚೆಗೆ ಅಜ್ಜನ ಕೋಣೆಯ ಬಾಗಿಲು ನೇರ ಕಾಣುತ್ತದೆ. ಅಜ್ಜ ಹೊರಗೆ ಬರುತ್ತಿರಲಿಲ್ಲ. ಅದೇ ಅರ್ಧ ಬಾಗಿಲು, ಅದೇ ಮೂರು ಸಲದ “ಯಾರು?” ನಾನು ಅಜ್ಜನ ಮುದ್ದಿನ ಮೊಮ್ಮಗಳು, ಹಗಲೆಲ್ಲ ಅವನ ಮಂಚದ ಮೇಲೆಯೇ ಇರುತ್ತಿದ್ದವಳು. ಅವನು ಸುಮ್ಮನಾದಾಗ ಇಡೀ ಮನೆಯೇ ಉಸಿರು ಬಿಗಿ ಹಿಡಿದಂತೆ ಅನ್ನಿಸುತ್ತಿತ್ತು. ಅಧಿಕಾರ ಅಂದರೆ ಇದು, ಎಂಥ ಘನತೆ ಎಂದು ಆ ವಯಸ್ಸಿನಲ್ಲಿ ಅನ್ನಿಸಿದ್ದು ಐವತ್ತರಲ್ಲೂ ಹಾಗೇ ಉಳಿದಿತ್ತು.

ಆಟದಲ್ಲಿ ಮಿಲಿಂದ ಅಂಬಿಗನಾಗಿದ್ದ. ಒಳಗಿನವರು ನದಿ ದಾಟಬಾರದೆಂದು ಅಪ್ಪಣೆ ಮಾಡಿದ್ದಾರೆ. ಅಂಬಿಗನ ದೋಣಿಯಲ್ಲಿ ಜಡ್ಡಾದ ಒಬ್ಬ ಮನುಷ್ಯ ಮಲಗಿದ್ದಾನೆ, ಅವನನ್ನು ಆಚೆ ದಡದ ವೈದ್ಯನಲ್ಲಿಗೆ ಒಯ್ಯಬೇಕು. ಈ ಜಡ್ಡಿನವನನ್ನು ಕಥೆಗೆ ತಂದದ್ದು ನಾನಲ್ಲ, ಮಿಲಿಂದನೇ. ಉಳಿದಿಬ್ಬರು ಚಾಪೆಯ ಮೇಲೆ ಕುಳಿತೇ ಒಳಗಿನವರ ಜೊತೆ ಮಾತಾಡುತ್ತಿದ್ದರು. ಮಿಲಿಂದ ಮಾತ್ರ ಎದ್ದು ನಿಲ್ಲುತ್ತಿದ್ದ. ಕೈ ಕಟ್ಟಿಕೊಂಡು, ತಲೆ ತುಸು ತಗ್ಗಿಸಿ, ಬಾಗಿಲಿಗೆ ನಾಲ್ಕು ಹೆಜ್ಜೆ ದೂರದಲ್ಲಿ. ಸಂದಿಯಿಂದ ನೋಡುತ್ತಿದ್ದ ನಾನು, ಎಂಥ ನಟನೆ ಎಂದು ಮೆಚ್ಚಿಕೊಂಡೆ. ಆಟ ಮುಗಿದ ಮೇಲೆ ಬಾಯಿಬಿಟ್ಟು ಹೊಗಳಿಯೂ ಹೊಗಳಿದೆ. ಅವನು ನಕ್ಕಿದ್ದ.

ನಾಲ್ಕು ಭಾನುವಾರ ಅವನು ಅದೇ ಅಹವಾಲು ತಂದ. ನಾಲ್ಕು ಭಾನುವಾರವೂ ನಾನು ಸುಮ್ಮನಿದ್ದೆ. ಹೂಂ ಎಂದರೆ ಗುಟ್ಟು ಕೆಡುತ್ತದೆ ಎಂಬ ಕಲಾವಿದೆಯ ಹಟ ನನಗೆ. ನಾಲ್ಕನೆಯ ವಾರ ಚಹಾ ಕುಡಿಯುತ್ತ ಅವನು ಕೇಳಿದ: “ಅಕ್ಕಾ, ಹೂಂ ಅನ್ಲಿ, ಇಲ್ಲಾ ಆಗೂದಿಲ್ಲ ಅನ್ಲಿ. ಸುಮ್ಮ ಕುಂಡ್ರೂದಂದ್ರ ಏನ? ಅವರ ಮನಸಿನಾಗ ಏನೈತಿ?”

“ಅದನ್ನ ಹೇಳಿಬಿಟ್ರ ಮಜಾ ಏನ ಉಳೀತಪಾ?” ಎಂದೆ.

ಐದನೆಯ ಭಾನುವಾರ ನಾನು ಒಳಗೆ ಹೋಗಿ ಮೂರು ಸಲ ಯಾರೆಂದು ಕೇಳಿದೆ, ಅಹವಾಲು ಕೇಳಿದೆ, ಸುಮ್ಮನಾದೆ. ಸುಮ್ಮನಿರುವುದೂ ಬೇಸರದ ಕೆಲಸವೇ. ಮಡಿಲಲ್ಲಿ ಚುರಮುರಿ ಹಾಕಿಕೊಂಡು ಫೋನು ನೋಡುತ್ತ ಅಜ್ಜನ ಮಂಚದ ಮೇಲೆ ಕುಳಿತಿದ್ದೆ. ಬಾಗಿಲು ತೆರೆಯಿತು. ಮಿಲಿಂದ ಹೊಸ್ತಿಲ ಮೇಲೆ ನಿಂತು ನನ್ನನ್ನು, ನನ್ನ ಮಡಿಲನ್ನು, ಕೋಣೆಯ ನಾಲ್ಕೂ ಮೂಲೆಯನ್ನು ನೋಡಿದ.

“ಒಳಗ ಇರೂದು ಇಷ್ಟ ಏನಕ್ಕಾ?” ಎಂದ.

ಆಟದ ನಿಯಮ ಮುರಿದೆಯಲ್ಲ ಎಂದು ನಾನು ನಗಲು ಹೋದೆ. ಅವನು ನಗಲಿಲ್ಲ. ಅಲ್ಲೇ ನಿಂತು ಮೆಲ್ಲಗೆ ಹೇಳಿದ:

“ನಾವೂ ಮೊದಲ ಇದ ಊರಾಗ ಇದ್ವಿ. ನಮ್ಮ ಆಯಿ, ನನ್ನ ಹಡದಾಕಿ, ನಿಮ್ಮ ಹೊಲದಾಗ ದುಡೀತಿದ್ಲು. ನಮ್ಮಪ್ಪಗ ಜ್ವರ ನೆತ್ತಿಗೇರಿತ್ತು. ಮಿರಜಿನ ದವಾಖಾನಿಗೆ ಒಯ್ಯಾಕ ಜೀಪ ಕೊಡ್ರಿ ಅಂತ ಕೇಳಾಕ ನನ್ನ ಎತ್ಕೊಂಡ ಬಂದು ಈ ಅಂಗಳದಾಗ ನಿಂತ್ಲು. ನಾ ಆಗ ಮಲಿಕೂಸು. ಒಳಗಿಂದ ಮೂರ ಸಲ ಯಾರು ಅಂದ್ರಂತ. ಆಮ್ಯಾಲ ಮಾತ ಇಲ್ಲ. ಬಿಸಲ ಏರೂತನಾ ನಿಂತು ಹೊಳ್ಳಿ ಹೋದ್ಲು. ಮರುದಿನ ಅಪ್ಪ ಹ್ವಾದ. ಜೀಪ ಸಿಕ್ಕಿದ್ರ ಉಳೀತಿದ್ನೋ ಇಲ್ಲೋ, ಅದು ಬ್ಯಾರೆ ಮಾತ. ಆಯಿ ಇನ್ನೂ ಅಂತಾಳ, ದೊಡ್ಡ ಮಂದಿ, ಏನರೆ ಕಾರಣ ಇದ್ದೀತು ಅಂತ. ಏನ ಕಾರಣ ಅಂತ ನಾ ಹುಡುಕಾಕ ಬಂದಿದ್ನಿ. ಆಟದಾಗರೆ ಸಿಗತೈತೇನ ಅಂತ.”

ನನಗೆ ಆಗಲೇ ನೆನಪಾಗಿತ್ತು. ಆ ದಿನ, ಆ ದನಿ, ಹೊರಗೆ ಕೂಸು ಅತ್ತದ್ದು, ಎಲ್ಲ. ಅವನು ಕಾಯುತ್ತ ನಿಂತಿದ್ದ. ನಾನು ಏನು ಮಾಡಿದೆ ಗೊತ್ತೇ? ಸುಮ್ಮನಿದ್ದೆ. ಈ ಸಲ ಗುಟ್ಟು ಕಾಯಲಿಕ್ಕಲ್ಲ, ಹೆದರಿ. ಮಿಲಿಂದ ಅವತ್ತು ಚಹಾ ಕುಡಿಯದೆ ಹೋದ. ಆಟವೂ ನಿಂತಿತು. ಶಾಲೆಯಲ್ಲಿ ಎದುರಾದರೆ ಅಕ್ಕಾ ಎನ್ನುವುದನ್ನು ಅವನು ಬಿಡಲಿಲ್ಲ, ಆದರೆ ಆಮೇಲೆ ಆಡಲು ನಮಗೆ ಮಾತಿರುತ್ತಿರಲಿಲ್ಲ. ನನಗೆ ತಮ್ಮಂದಿರಿಲ್ಲ. ಅವನನ್ನು ಹಾಗೇ ಎಣಿಸಿದ್ದೆ ಎಂಬುದು ಆಮೇಲಿನ ಈ ಎರಡು ವರ್ಷಗಳಲ್ಲಿ ಚೆನ್ನಾಗಿ ತಿಳಿಯಿತು. ಎಷ್ಟೋ ಸಲ ಸ್ಟಾಫ್ ರೂಮಿನಲ್ಲಿ ಅವನ ಎದುರಿನ ಕುರ್ಚಿಯಲ್ಲಿ ಹೋಗಿ ಕುಳಿತು, ಘಂಟೆ ಬಾರಿಸಿದೊಡನೆ ಎದ್ದು ಬಂದಿದ್ದೇನೆ.

ಇವತ್ತು ನೆಲದಿಂದ ಎದ್ದವಳು ಸೀರೆ ಬದಲಿಸಿ ದಿಗ್ಗೇವಾಡಿಗೆ ಹೋದೆ. ಮಿಲಿಂದ ಮನೆಯಲ್ಲಿಯೇ ಇದ್ದ. “ಬಾ ಅಕ್ಕಾ, ಒಳಗ ಬಾ” ಎಂದು ಕರೆದು ಕುರ್ಚಿ ಹಾಕಿದ. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ತಾಯಿಯ ಹೊಸ ಪಟ. ಅವನ ಹೆಂಡತಿ ನೀರು ತಂದಿಟ್ಟು ಬಾಗಿಲ ಬಳಿ ನಿಂತಳು. ದಾರಿಯಲ್ಲಿ ನಾನು ಹೊಂದಿಸಿಕೊಂಡು ಬಂದ ಸಮಾಧಾನದ ಮಾತುಗಳೆಲ್ಲ ಆ ಪಟ ನೋಡಿದೊಡನೆ ಎಲ್ಲಿ ಹೋದವೋ.

“ಕಾರಣ ಇರಲಿಲ್ಲೋ ಮಿಲಿಂದ,” ಎಂದೆ. “ನಾ ಅವತ್ತು ಒಳಗ ಇದ್ದೆ. ಅಜ್ಜ, ನಾನು ಚೌಕಾಬಾರ ಆಡಾಕತ್ತಿದ್ವಿ. ನಿಮ್ಮ ಆಯಿ ಜೀಪ ಕೇಳಿದ್ದು ನಾನೂ ಕೇಳೀನಿ. ಅಜ್ಜ ಏಳಾಕ ಹೋದ. ಆಟ ಮುಗಿಯೂತನಾ ಹೋಗಬ್ಯಾಡ ಅಂತ ನಾ ಅವನ ಧೋತರ ಹಿಡದ ಜಗ್ಗಿದೆ. ಅಂವಾ ನಕ್ಕು ಮತ್ತ ಕುಂತ. ಆಮ್ಯಾಲ ಇಬ್ಬರೂ ಮರತ್ವಿ.”

ಅವನು ತಾಯಿಯ ಪಟದ ಕಡೆಗೆ ತಿರುಗಿದ.

“ಒಂದ ತಿಂಗಳ ಮೊದಲ ಬರಬೇಕಿತ್ತಕ್ಕಾ,” ಎಂದ. “ಕಡೀತನಾ ಕೇಳಿದ್ಲು, ಏನರೆ ಗೊತ್ತಾತೇನ ಅಂತ.”

ನಾನು ಅತ್ತೆ. ಅವನು ಅಳಬೇಡ ಎನ್ನಲಿಲ್ಲ. ಅತ್ತು ಮುಗಿಯುವವರೆಗೆ ಕಾದು, ಆಮೇಲೆ ಸಿಟ್ಟಿಲ್ಲದ ದನಿಯಲ್ಲಿ, ಇದೊಂದು ಗೊತ್ತಾದರೆ ಸಾಕು ಎನ್ನುವವನ ಹಾಗೆ ಕೇಳಿದ:

“ಗೆದ್ದವರ ಯಾರು?”

“ನಾನು,” ಎಂದೆ.